ಮೈಕು ಮನೆಯಲ್ಲಿತ್ತು

ಡ್ರೈವರ್ ಇಲ್ಲದೆ ಓಡುವ ಕಾರು ಬಂದಿದೆಯಂತೆ ಎಂದು ನಾನು ಮನೆಯಲ್ಲಿ ಸುದ್ದಿ ಓದಿದ ದಿನ ಅಪ್ಪ ಮುದ್ದೆ ಮುರಿಯುತ್ತಿದ್ದ. ಅಪ್ಪ ಕೊರಟಗೆರೆಯಿಂದ ಮಧುಗಿರಿ ಮೇಲೆ ಪಾವಗಡಕ್ಕೆ ಹೋಗುವ ಪ್ರೈವೇಟ್ ಬಸ್ಸಿನ ಡ್ರೈವರ್. ಇನ್ನು ನಿನ್ನ ಕೆಲಸಕ್ಕೆ ಸಂಚಕಾರ ಬಂತು ಕಣಪ್ಪ ಎಂದೆ. ಅವನು ತಲೆಯನ್ನೂ ಎತ್ತಲಿಲ್ಲ. ಸುಗ್ಗಿಯಲ್ಲಿ ನಮ್ಮ ಕಡೆ ರಸ್ತೆ ತುಂಬ ಹುರುಳಿ ಹರಡಿರುತ್ತಾರಲ್ಲ, ಅದನ್ನು ಕಂಡರೆ ಆ ಕಾರು ಏನು ಮಾಡುತ್ತದೆ ಎಂದು ಕೇಳಿದ. ಅಡ್ಡ ಏನೋ ಇದೆ ಎಂದು ನಿಲ್ಲುತ್ತದೆ, ಅಷ್ಟು ಬುದ್ಧಿ ಇದೆ ಅದಕ್ಕೆ ಎಂದೆ. ಹಾಗಾದರೆ ಅದು ನಮಗೆ ಆಗಿಬರುವುದಿಲ್ಲ, ಜನ ಹುರುಳಿ ಹಾಕುವುದೇ ಗಾಡಿಗಳು ತುಳಿದುಕೊಂಡು ಹೋಗಲಿ ಅಂತ, ನಿಂತರೆ ಕಲ್ಲು ತಗೊಳ್ಳುತ್ತಾರೆ ಎಂದು ಅಪ್ಪ ಇನ್ನಷ್ಟು ಸಾರು ಬಿಟ್ಟುಕೊಂಡ.

ಆಗ ನಾನು ಸೆಕೆಂಡ್ ಪಿಯುಸಿ. ಊರಿನಿಂದ ಮಧುಗಿರಿ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ನನ್ನ ಹತ್ತಿರ ಇದ್ದದ್ದು ಅಮ್ಮ ಬಳಸಿ ಬಿಟ್ಟ ಫೋನು. ಒಂದು ಮೂಲೆ ಒಡೆದಿತ್ತು, ಸ್ವಲ್ಪ ಹೊತ್ತು ವಿಡಿಯೋ ನೋಡಿದರೆ ರೊಟ್ಟಿ ಹಂಚಿನ ಹಾಗೆ ಕಾಯುತ್ತಿತ್ತು. ಆದರೂ ಲೋಕದಲ್ಲಿ ಯಾವ ಹೊಸ ಸಾಮಾನು ಬಂದರೂ ಅದರ ಬಗ್ಗೆ ನನ್ನದೊಂದು ಅಭಿಪ್ರಾಯ ಇರಲೇಬೇಕು. ಕೊಳ್ಳಲಾಗದವಳು ಆಡಿಕೊಳ್ಳಲೂಬಾರದು ಎಂದರೆ ಹೇಗೆ ಸ್ವಾಮಿ? ಮಡಚುವ ಫೋನ್ ಬಂದಾಗ, ಯಾವುದೇ ಆದರೂ ಮಡಚಿದ ಕಡೆಯೇ ಮೊದಲು ಹರಿಯುವುದು, ಬೇಕಾದರೆ ನನ್ನ ಬಸ್ ಪಾಸ್ ನೋಡಿ ಎಂದೆ. ತುಂಬ ಹೊತ್ತು ಕೂತಿದ್ದೀಯ ಏಳು ಎನ್ನುವ ವಾಚು ಬಂದಾಗ, ಅದೊಂದು ಹೇಳುವುದಕ್ಕೆ ನಮ್ಮ ಮನೆಯಲ್ಲಿ ಅಮ್ಮ ಇದ್ದಾಳೆ, ಚಾರ್ಜೂ ಬೇಡ ಎಂದೆ. ಕಸ ಗುಡಿಸುವ ರೋಬೋ ನಮ್ಮ ಹೊಸ್ತಿಲು ದಾಟುವಷ್ಟರಲ್ಲಿ ಅದರ ಆಯಸ್ಸು ಮುಗಿದಿರುತ್ತದೆ. ಇನ್ನು ಕ್ಯಾಮೆರಾ ಇರುವ ಕನ್ನಡಕವನ್ನು ಯಾವನಾದರೂ ನಮ್ಮ ಬಸ್ಸಿಗೆ ಹಾಕಿಕೊಂಡು ಬಂದರೆ, ನಮ್ಮ ಹೆಂಗಸರು ಕನ್ನಡಕದ ಜೊತೆ ಅವನ ಮೂಗನ್ನೂ ಇಳಿಸಿಕೊಂಡು ಕಳಿಸುತ್ತಾರೆ.

ಈ ಎಲ್ಲಕ್ಕೂ ಜಗಲಿಯ ಮೇಲೆ ನನಗಿದ್ದ ಒಬ್ಬಳೇ ಶ್ರೋತೃ ಅಜ್ಜಿ, ಅಪ್ಪನ ತಾಯಿ. ಎಲೆಗೆ ಸುಣ್ಣ ಹಚ್ಚುತ್ತ ಕೇಳುತ್ತಿದ್ದಳು. ಹಿಡಿಸಿದರೆ ಇನ್ನೊಂದು ಓದು ಎನ್ನುವಳು, ಹಿಡಿಸದಿದ್ದರೆ ಬುಡತ್ತ ಎಂದು ಉಗುಳಲು ಏಳುವಳು. ಅಜ್ಜಿಯ ಬಾಯಿ ನಮ್ಮೂರಿನಲ್ಲಿ ಹೆಸರುವಾಸಿ. ಊರ ಹಿಂದೆ ಬಂಡೆಗುಡ್ಡ, ಅದರ ಬುಡಕ್ಕೆ ನಮ್ಮ ಕಡಲೆಕಾಯಿ ಹೊಲ. ಅಜ್ಜಿ ಅಲ್ಲಿ ನಿಂತು ಕೋತಿಗೆ ಬೈದರೆ ಊರಬಾಗಿಲಿನಲ್ಲಿ ಹರಟೆ ಹೊಡೆಯುವವರು ಒಂದು ಗಳಿಗೆ ಸುಮ್ಮನಾಗಿ ತಮ್ಮ ತಪ್ಪು ಏನಿರಬಹುದು ಎಂದು ಯೋಚಿಸುತ್ತಿದ್ದರು.

ಒಂದು ಸಂಜೆ ಎಐ ಸುದ್ದಿ ಓದಿದೆ. ಯಾರದಾದರೂ ದನಿಯನ್ನು ಚೂರು ಕೇಳಿಸಿಕೊಂಡರೆ ಸಾಕು, ಹೆತ್ತವರಿಗೂ ವ್ಯತ್ಯಾಸ ತಿಳಿಯದ ಹಾಗೆ ಅದೇ ದನಿಯಲ್ಲಿ ಮಾತಾಡುತ್ತದಂತೆ. ಅಜ್ಜಿ ಎಲೆ ಮಡಚುವುದನ್ನು ನಿಲ್ಲಿಸಿದಳು. ನನ್ನಂಗೆ ಬಯ್ಯಾಕ್ಕೂ ಬತ್ತದಾ ಅದ್ಕೆ ಎಂದು ಕೇಳಿದಳು. ಬರುತ್ತದೆ ಎಂದೆ. ಅವಳಿಗೆ ಅದು ಅವಮಾನವೆನಿಸಿತು, ಬುಡತ್ತ ಎಂದು ಎದ್ದಳು.

ನನ್ನ ತಲೆಗೆ ಹುಳ ಬಿಟ್ಟುಕೊಂಡದ್ದು ಆಗಲೇ. ಆ ವರ್ಷ ಬಂಡೆಯ ಕೋತಿಗಳೂ ನವಿಲುಗಳೂ ಸೇರಿ ಹೊಲವನ್ನು ತಮ್ಮ ತವರುಮನೆ ಮಾಡಿಕೊಂಡಿದ್ದವು. ಅಜ್ಜಿ ಬೆಳಗಿನಿಂದ ಕೂಗಿ ಕೂಗಿ ಸಂಜೆಗೆ ಗಂಟಲು ಕಟ್ಟಿಕೊಂಡು ಬರುತ್ತಿದ್ದಳು. ಸಂತೆಯಲ್ಲಿ ಈರುಳ್ಳಿ ಮಾರುವವರು ಗಾಡಿಗೆ ಕಟ್ಟಿಕೊಂಡಿರುತ್ತಾರಲ್ಲ, ಒಂದು ಸಲ ಮಾತು ತುಂಬಿಸಿ ಬಿಟ್ಟರೆ ಅದನ್ನೇ ಕೂಗುತ್ತಿರುವ ಚಾರ್ಜಿನ ಮೈಕು, ಅಂಥದೊಂದನ್ನು ಅಪ್ಪನ ಕೈಲಿ ಪಾವಗಡದಿಂದ ತರಿಸಿದೆ. ಅಂಗಳದಲ್ಲಿ ಅಜ್ಜಿಯ ಬಾಯಿಗೆ ಹಿಡಿದು, ಈಗ ಬೈಯಿ ಎಂದೆ. ಯಾರನ್ನು ಬೈಯಲಿ, ಎದುರಿಗೆ ಯಾರೂ ಇಲ್ಲವಲ್ಲ ಎಂದು ಅವಳು ನಾಚಿದಳು. ನನಗೆ ಗೊತ್ತಿದ್ದ ಹಾಗೆ ಅವಳಲ್ಲಿ ಎಂದೂ ಕಾಣದ ನಾಚಿಕೆ ಅದು. ಕೊನೆಗೆ ನಾನು ಅವಳ ಎಲೆಯಡಿಕೆ ಚೀಲವನ್ನು ಕಸಿದುಕೊಂಡು ಓಡಿದೆ. ಬಂತು ನೋಡಿ, ಉರುಳಿ ಉರುಳಿ ಬಂತು.

"ಹೋಯ್ ಮುಂಡೇದೆ, ನಿನ್ ಬಾಯಿಗ್ ಮಣ್ಣಾಕ, ನಿನ್ ವಂಶ ಎಕ್ಕುಟ್ಟೋಗ, ಕೈಗ್ ಸಿಕ್ಕಿದ್ರೆ ಕಾಲ್ ಮುರ್ದ್ಬುಡ್ತೀನಿ."

ಹೊಲದ ಅಂಚಿಗೆ, ಬಂಡೆಗೆ ಒರಗಿದ ಹಾಗೆ ಒಂದು ಬೇವಿನ ಮರವಿದೆ. ಅಪ್ಪ ಮೈಕನ್ನು ಅದರ ಕೊಂಬೆಗೆ ಕಟ್ಟಿದ. ಬೆಳಗ್ಗೆ ಕಟ್ಟುವುದು, ಸಂಜೆ ಬಿಚ್ಚಿ ತಂದು ಚಾರ್ಜಿಗೆ ಹಾಕುವುದು. ಕೋತಿಗಳು ಮೊದಮೊದಲು ಹೆದರಿ ಗುಡ್ಡ ಹತ್ತಿದವು. ನವಿಲುಗಳು ದಾಕ್ಷಿಣ್ಯಕ್ಕೆ ಸ್ವಲ್ಪ ದೂರ ಸರಿದವು. ಊರಿನವರು ಮಾತ್ರ ಬಿದ್ದು ಬಿದ್ದು ನಕ್ಕರು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಂದು ಮೈಕಿಗೆ ಹೆಸರಿಟ್ಟರು. ನನಗೆ ಹೆಮ್ಮೆ. ದೊಡ್ಡ ದೊಡ್ಡ ಕಂಪನಿಗಳು ಕಟ್ಟಡಗಟ್ಟಲೆ ಕಂಪ್ಯೂಟರ್ ಇಟ್ಟುಕೊಂಡು ಮಾಡುವುದನ್ನು ನಾನು ಒಂದು ಎಲೆಯಡಿಕೆ ಚೀಲದಲ್ಲಿ ಮಾಡಿದ್ದೆ. ಆದರೆ ಒಂದು ಸಂಗತಿ ಹೇಳಬೇಕು: ಆ ದನಿಗೆ ಕೋತಿಗಿಂತ ಮೊದಲು ಊರೇ ಒಗ್ಗಿಹೋಯಿತು. ಅಜ್ಜಿಯ ಬೈಗುಳ ಗಾಳಿಯ ಹಾಗೆ ಆಯಿತು, ಬೀಸಿದರೂ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಕಡಲೆಕಾಯಿ ಕೀಳಲು ಸ್ವಲ್ಪ ದಿನವಿರುವಾಗ ಒಂದು ರಾತ್ರಿ ಕರೆಂಟು ಹೋಯಿತು. ಬೆಳಗಾದರೂ ಬರಲಿಲ್ಲ, ಮೈಕು ಸತ್ತಿತ್ತು. ನಾನು ಮುಂಚಿನ ಬಸ್ಸಿಗೆ ಹೋಗಿಬಿಟ್ಟಿದ್ದೆ. ಅಮ್ಮ ಬೇರೆಯವರ ಹೊಲಕ್ಕೆ ಮುಯ್ಯಾಳಾಗಿ ಹೋಗಿದ್ದಳು, ಇವತ್ತು ನಾವು ಅವರಿಗೆ, ನಾಳೆ ಅವರು ನಮಗೆ ಎನ್ನುವ ಲೆಕ್ಕ. ಅಪ್ಪ ಮೈಕನ್ನು ಪ್ಲಗ್ಗಿಗೆ ಸಿಕ್ಕಿಸಿ, ಕರೆಂಟು ಬಂದಾಗ ತಾನೇ ಚಾರ್ಜಾಗುತ್ತದೆ ಎಂದು ಡ್ಯೂಟಿಗೆ ಹೋದನಂತೆ. ಅಜ್ಜಿ, ಮೈಕ್ ಇಲ್ದಿದ್ರೆ ನಾನ್ ಇಲ್ವಾ ಎಂದು ತಾನೇ ಹೊಲಕ್ಕೆ ನಡೆದಳಂತೆ. ಅವಳ ಗುಂಡಿ ಒತ್ತುವ ಫೋನು ಎಂದಿನಂತೆ ಗೂಡಿನಲ್ಲಿ ದೇವರ ಪಟದ ಪಕ್ಕದಲ್ಲೇ ಇತ್ತು. ಫೋನು ಹೊಲಕ್ಕೆ ಬಂದರೆ ಮಣ್ಣಾಗುತ್ತದೆ ಎಂಬುದು ಅವಳ ಸಿದ್ಧಾಂತ.

ನಾನು ಮನೆಗೆ ಬಂದಾಗ ಬಿಸಿಲು ವಾಲಿತ್ತು. ನನ್ನ ಫೋನು ಬಸ್ಸಿನಲ್ಲೇ ಪ್ರಾಣ ಬಿಟ್ಟಿತ್ತು. ಕರೆಂಟು ಬಂದಿತ್ತು, ಆದರೆ ನಮ್ಮ ಮನೆಯಲ್ಲಿ ಸರಿಯಾಗಿ ಕೆಲಸ ಮಾಡುವ ಪ್ಲಗ್ಗು ಒಂದೇ, ಅದರಲ್ಲಿ ಮೈಕು ಕೂತಿತ್ತು. ಇದಕ್ಕೇನು ಗತ್ತು ಎಂದು ಬೈದು, ಅದನ್ನು ಕಿತ್ತು ನೆಲಕ್ಕಿಟ್ಟು ನನ್ನ ಫೋನು ಸಿಕ್ಕಿಸಿದೆ. ತಟ್ಟೆ ಹಾಕಿಕೊಂಡು ಕೂತೆ. ಗುಡ್ಡದ ಕಡೆಯಿಂದ ಅಜ್ಜಿಯ ದನಿ ತೇಲಿ ಬರುತ್ತಿತ್ತು. ನಿನ್ ಬಾಯಿಗ್ ಮಣ್ಣಾಕ, ಎಕ್ಕುಟ್ಟೋಗ. ಇವತ್ತು ಮೈಕು ಚೆನ್ನಾಗಿ ಕೇಳಿಸುತ್ತಿದೆ ಎಂದುಕೊಂಡು ತುತ್ತು ನುಂಗಿದೆ.

ಇನ್ನೊಂದು ತುತ್ತಿಗೆ ಕೈ ಹಾಕಿದಾಗ ತಟ್ಟೆಯ ಪಕ್ಕದಲ್ಲಿದ್ದ ಮೈಕನ್ನು ನೋಡಿದೆ.

ಓ, ಅಜ್ಜಿಯೇ ಕೂಗುತ್ತಿದ್ದಾಳೆ ಎಂದುಕೊಂಡು ಸುಮ್ಮನಾಗಬಹುದಿತ್ತು. ಆದರೆ ಅಜ್ಜಿ ಕೂಗುವ ರೀತಿ ನನಗೆ ಗೊತ್ತು. ಬದುವಿನ ಮೇಲೆ ಓಡುತ್ತ ಕೂಗುತ್ತಾಳೆ, ದನಿ ಈ ಕಡೆಯಿಂದ ಆ ಕಡೆಗೆ ಹೋಗುತ್ತದೆ. ಕೋತಿ ಓಡಿದ ಮೇಲೆ ನಿಲ್ಲಿಸುತ್ತಾಳೆ, ಎಲೆ ಹಾಕುತ್ತಾಳೆ. ಈ ದನಿ ಒಂದೇ ಕಡೆಯಿಂದ ಬರುತ್ತಿತ್ತು. ನಿಲ್ಲುತ್ತಿರಲಿಲ್ಲ. ಹಾಗೆ ಬಿಡುವಿಲ್ಲದೆ ಕೂಗುವುದು ಮೈಕು ಮಾತ್ರ, ಆ ಮೈಕು ನನ್ನ ಮುಂದೆ ಬಾಯಿ ಮುಚ್ಚಿಕೊಂಡು ಕೂತಿತ್ತು. ಎದ್ದು ಅಡುಗೆಮನೆಗೆ ಹೋಗಿ ನೋಡಿದೆ. ಅಜ್ಜಿಯ ಮಧ್ಯಾಹ್ನದ ಮುದ್ದೆ ಮುಚ್ಚಿಟ್ಟಲ್ಲೇ ಇತ್ತು, ಪಕ್ಕದಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆಯೂ ಹಾಗೇ ಇತ್ತು. ಎಂಜಲು ಕೈಯಲ್ಲೇ ಓಡಿದೆ.

ದಾರಿಯಲ್ಲಿ ಅಮ್ಮ ಮತ್ತು ಹೆಂಗಸರು ಕಳೆ ತೆಗೆಯುತ್ತಿದ್ದ ಹೊಲ. ನನ್ನನ್ನು ನೋಡಿ ಅಮ್ಮ, ಊಟ ಆಯಿತಾ, ಇವತ್ತೇನು ಕಿಸಬಾಯಿ ದಾಸ ಮಧ್ಯಾಹ್ನದಿಂದ ಬಾಯೇ ಮುಚ್ಚಿಲ್ಲ ಎಂದು ನಕ್ಕಳು. ಅವರೆಲ್ಲರೂ ಕೇಳಿಸಿಕೊಂಡಿದ್ದರು. ಹರಟೆಯ ನಡುವೆ, ಕಳೆ ಕೀಳುತ್ತ, ಮಧ್ಯಾಹ್ನದಿಂದ ಕೇಳಿಸಿಕೊಂಡಿದ್ದರು.

"ಅಮ್ಮಾ, ಮೈಕು ಮನೇಲೈತೆ" ಎಂದೆ.

ಅಮ್ಮನ ಮುಖದ ನಗು ಹಾಗೇ ನಿಂತಿತು. ಮುಂದಿನದನ್ನು ಯಾರೂ ಹೇಳಬೇಕಾಗಲಿಲ್ಲ. ಕುಡುಗೋಲು ಹಿಡಿದ ಕೈಯಲ್ಲೇ ಎಲ್ಲರೂ ಎದ್ದು ನನ್ನ ಹಿಂದೆ ಓಡಿ ಬಂದರು. ನಮ್ಮೆಲ್ಲರ ತಲೆಯಲ್ಲೂ ಇದ್ದದ್ದು ಒಂದೇ, ಕರಡಿ. ಆ ಬಂಡೆಗಳ ಸಂದಿಯಲ್ಲಿ ಕರಡಿಗಳಿವೆ, ಹೊತ್ತು ಮುಳುಗುತ್ತಿದ್ದ ಹಾಗೆ ಕಡಲೆಕಾಯಿಗೆ ಇಳಿಯುತ್ತವೆ. ಹೊತ್ತು ಆಗಲೇ ಬಂಡೆಯ ನೆತ್ತಿಗೆ ಇಳಿದಿತ್ತು. ಓಡುತ್ತಿರುವಾಗ ಅಜ್ಜಿಯ ದನಿ ನಿಂತಿತು. ಅಷ್ಟು ಹೊತ್ತು ನಿಲ್ಲುತ್ತಿಲ್ಲವಲ್ಲ ಎಂದು ಹೆದರಿದ್ದವಳಿಗೆ ಅದು ನಿಂತಾಗ ಜೀವವೇ ಬಾಯಿಗೆ ಬಂತು. ದೇವರೇ, ಇನ್ನೊಂದು ಸಲ ಬೈಯಲಿ ಎಂದು ಬೇಡಿಕೊಂಡೆ. ಯಾರನ್ನಾದರೂ ಬೈಯಲಿ, ನನ್ನನ್ನೇ ಬೈಯಲಿ.

ಬೇವಿನ ಮರ ದಾಟಿ ಬಂಡೆ ಹತ್ತಿದೆ. ಎರಡು ಗುಂಡುಕಲ್ಲುಗಳ ಸಂದಿಯಲ್ಲಿ ಅಜ್ಜಿ ಕೂತಿದ್ದಳು. ಒಂದು ಕಾಲು ಮೊಣಕಾಲಿನವರೆಗೆ ಸಂದಿಯೊಳಗೆ. ತುಟಿ ಒಣಗಿ ಬಿಳಿಚಿತ್ತು, ಸೆರಗು ತಲೆಯ ಮೇಲಿತ್ತು. ಕಣ್ಣು ಮುಚ್ಚಿದ್ದಳು. ಅಜ್ಜಿ ಎಂದು ಕೂಗಿದೆ. ಕಣ್ಣು ಬಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಈಗ ಬಂದ್ಯಾ, ನಿನ್ ಬಾಯಿಗ್ ಮಣ್ಣಾಕ. ನೀರ್ ತಂದಿದ್ದೀಯೇನೇ?"

ನನಗೆ ಅಳು ಬಂತು. ನಾನು ಅಳುವವಳಲ್ಲ, ಆದರೆ ಅಲ್ಲೇ ಬಂಡೆಯ ಮೇಲೆ ಕೂತು ಗೊಳೋ ಎಂದು ಅತ್ತೆ. ಬೈದಳಲ್ಲ, ಸದ್ಯ, ಬೈದಳು. ಆ ಬೈಗುಳ ನನ್ನ ಮೈಮೇಲೆ ತಣ್ಣೀರು ಹುಯ್ದ ಹಾಗಾಯಿತು. ಅವಳಿಗೆ ನನ್ನ ಅಳು ಅರ್ಥವಾಗಲಿಲ್ಲ. ನಾನೇನ್ ಸತ್ನಾ ಎಂದು ಇನ್ನೊಂದು ಬೈದಳು.

ಆದದ್ದು ಇಷ್ಟು. ಒಂದು ಕೋತಿ ಅವಳ ನೀರಿನ ಬಾಟಲಿ ಎತ್ತಿಕೊಂಡು ಬಂಡೆ ಹತ್ತಿದೆ. ಅಜ್ಜಿ ಬಿಡುತ್ತಾಳೆಯೇ? ಬೆನ್ನಟ್ಟಿ ಹೋಗಿ ಕಾಲು ಜಾರಿ ಸಂದಿಗೆ ಇಳಿದಿದೆ. ಕಾಲೇನೋ ಬರುತ್ತಿತ್ತು, ಚಪ್ಪಲಿ ಅಡ್ಡ ಸಿಕ್ಕಿಕೊಂಡು ಬಿಡಲಿಲ್ಲ. ಅವಳ ಕುಡುಗೋಲು ಕೈ ಜಾರಿ ಒಂದು ಮಾರು ದೂರ ಬಿದ್ದಿತ್ತು. ನಾನು ಅದನ್ನು ತೆಗೆದು ಚಪ್ಪಲಿಯ ಉಂಗುಷ್ಠ ಕೊಯ್ಯಲು ಬಗ್ಗಿದರೆ ಅಜ್ಜಿ ನನ್ನ ಕೈ ಹಿಡಿದಳು. ಹೊಸದು, ಪಾವಗಡದ ಸಂತೆಯಲ್ಲಿ ತಗೊಂಡದ್ದು, ಕೊಯ್ಯಬೇಡ ಎಂದಳು. ಅಷ್ಟರಲ್ಲಿ ಏದುಸಿರು ಬಿಡುತ್ತ ಅಮ್ಮ ಬಂದಳು. ಅವಳು ಯಾರನ್ನೂ ಕೇಳಲಿಲ್ಲ, ನನ್ನನ್ನು ಸರಿಸಿ ತನ್ನ ಕುಡುಗೋಲನ್ನೇ ಸಂದಿಯೊಳಗೆ ಇಳಿಸಿ ಕೊಯ್ದೇಬಿಟ್ಟಳು. ಅತ್ತೆಗೆ ಎದುರು ಮಾತಾಡದ ಅಮ್ಮ ಅತ್ತೆಯ ಚಪ್ಪಲಿ ಕೊಯ್ದದ್ದನ್ನು ಹೆಂಗಸರೆಲ್ಲ ಬಾಯಿಬಿಟ್ಟು ನೋಡಿದರು. ಕಾಲು ಹೊರಗೆ ಬಂತು. ಊದಿತ್ತು, ತರಚಿತ್ತು, ಆದರೆ ಬೆರಳು ಆಡುತ್ತಿತ್ತು.

ಗಲಾಟೆ ಕೇಳಿ ಕುರಿಯವನು ಬಂದ. ಪಾವಗಡದ ಆಚೆ ಕಡೆಯಿಂದ ಕುರಿ ಹೊಡೆದುಕೊಂಡು ಬಂದು ನಮ್ಮ ಹೊಲಗಳಲ್ಲಿ ಗೊಬ್ಬರಕ್ಕೆ ಮಂದೆ ಹಾಕುವವನು, ಮಾತೆಲ್ಲ ಅರ್ಧ ತೆಲುಗು. ಅವನನ್ನು ಕಂಡದ್ದೇ ತಡ, ಅಜ್ಜಿಗೆ ಎಲ್ಲಿತ್ತೋ ಶಕ್ತಿ. ಮಧ್ಯಾಹ್ನ ಅವನು ಇದೇ ದಾರಿಯಲ್ಲಿ ಹೋದನಂತೆ. ನಿಂತು ಕೇಳಿಸಿಕೊಂಡನಂತೆ. ಬೇವಿನ ಮರದ ಕಡೆ ನೋಡಿ ನಕ್ಕು, ಕುರಿಗಳಿಗೆ ಏನೋ ಹೇಳಿಕೊಂಡು ಮುಂದೆ ಹೋದನಂತೆ. ಅವನು ತಲೆಯ ಟವೆಲ್ಲು ತೆಗೆದು ಕೈಯಲ್ಲಿ ಹಿಂಡುತ್ತ, "ಮೈಕನುಕುಂಟಿನವ್ವಾ" ಎಂದ. ಮೈಕು ಅಂದುಕೊಂಡೆ ಅವ್ವಾ ಎಂದು ಅದರ ಅರ್ಥ. ನಾವೂ ಅದನ್ನೇ ಅಂದುಕೊಂಡಿದ್ದೆವು. ಆಮೇಲೆ ಅವನೇ ಅಜ್ಜಿಯನ್ನು ಬೆನ್ನಿಗೆ ಹಾಕಿಕೊಂಡು ಬಂಡೆ ಇಳಿಸಿದ, ಅಜ್ಜಿ ಅವನ ಬೆನ್ನ ಮೇಲೆ ಕೂತೇ ಅವನನ್ನು ಬೈದಳು.

ಮೂಳೆ ಮುರಿದಿಲ್ಲ ಎಂದು ಮಧುಗಿರಿಯಲ್ಲಿ ಎಕ್ಸರೇ ನೋಡಿ ಹೇಳಿದಾಗ ಅಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಕ್ಕರಿಸಿಬಿಟ್ಟ. ಡ್ಯೂಟಿಯ ಖಾಕಿ ಶರ್ಟಿನಲ್ಲೇ ಬಂದಿದ್ದ. ಆಮೇಲೆ ಎದ್ದು, ಎಲ್ಲರಿಗೂ ಟೀ ಹೇಳಿ, ತನ್ನ ಟೀಗೆ ಸಕ್ಕರೆ ಜಾಸ್ತಿ ಹಾಕಿಸಿಕೊಂಡ.

ಮನೆಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ, ಕೇಳಿದೆ. ಸಿಕ್ಕಿಕೊಂಡಾಗ ಅಯ್ಯೋ ಅಪ್ಪಾ ಬನ್ನಿ ಎಂದು ಕೂಗಬಾರದಿತ್ತಾ? ಹಾಗೆ ಕೂಗಿದ್ದರೆ ಯಾರೂ ಮೈಕು ಎಂದುಕೊಳ್ಳುತ್ತಿರಲಿಲ್ಲವಲ್ಲ? ಅಜ್ಜಿ ಪಟ್ಟಿ ಕಟ್ಟಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ನನ್ನನ್ನು ದಡ್ಡಿಯನ್ನು ನೋಡಿದ ಹಾಗೆ ನೋಡಿದಳು.

"ಅಯ್ಯೋ ಅಂತ ಕೂಗಿದ್ರೆ ಯಾವನ್ ಬತ್ತಾನೆ ಕಣಮ್ಮ? ಬೈದ್ರೆ ಜಗಳ ಆಡಾಕಾದ್ರೂ ಒಬ್ಬ ಬತ್ತಾನೆ ಅನ್ಕಂಡೆ."

ಅವಳ ಎಪ್ಪತ್ತು ವರ್ಷದ ಅನುಭವ ಅದು, ಯಾವತ್ತೂ ಸುಳ್ಳಾಗಿರಲಿಲ್ಲ. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅಪ್ಪ ನಕ್ಕ. ಸಂದಿಯಿಂದ ಕಾಲು ಬಂದಾಗಲೂ ಎಕ್ಸರೇ ಬಂದಾಗಲೂ ಇಳಿಯದಿದ್ದ ಭಾರ ಆಗ ನಿಜವಾಗಿ ಇಳಿಯಿತು.

ಅಜ್ಜಿ ಮಂಚ ಹಿಡಿದಿದ್ದ ಆ ದಿನಗಳಲ್ಲಿ ನಾನು ಮತ್ತೆ ಸುದ್ದಿ ಓದತೊಡಗಿದೆ. ಹಾಕಿಕೊಂಡವರು ಬಿದ್ದರೆ ತಾನೇ ತಿಳಿದುಕೊಂಡು ಮನೆಯವರಿಗೆ ಫೋನ್ ಮಾಡುವ ವಾಚು ಇದೆಯಂತೆ ಎಂದು ಓದಿದೆ. ಒಂದು ಗ್ಯಾಜೆಟ್ಟಿನ ಬಗ್ಗೆ ಓದಿ ನನಗೆ ಏನೂ ತಮಾಷೆ ಹೊಳೆಯದೇ ಹೋದದ್ದು ಅದೇ ಮೊದಲು. ಕೊರತೆ ತುಂಬಿದವಳು ಅಜ್ಜಿ. ನಾನೇನ್ ಬಿದ್ದಿದ್ನಾ, ಕುಂತಿದ್ದೆ, ತುಂಬ ಹೊತ್ತು ಕುಂತಿದ್ದೀಯ ಏಳು ಅಂತಿತ್ತು ಅಷ್ಟೇ ನಿನ್ ವಾಚು ಎಂದಳು. ಹಳೆಯ ಸುದ್ದಿಯನ್ನೂ ಮರೆತಿರಲಿಲ್ಲ ಮುದುಕಿ.

ಮೈಕನ್ನು ಗುಜರಿಗೆ ಹಾಕುತ್ತೇನೆ ಎಂದು ಅಪ್ಪ ಹೊರಟಿದ್ದ. ಅಜ್ಜಿ ಬಿಡಲಿಲ್ಲ. ಹೊಲದಲ್ಲಿ ಇನ್ನೂ ಕಾಯಿ ಇದೆ, ನನಗೆ ಕಾಲಿಲ್ಲ, ಮೈಕು ಬೇಕೇ ಬೇಕು, ಆದರೆ ಅದರಲ್ಲಿ ನನ್ನ ದನಿ ಬೇಡ ಎಂದಳು. ನನ್ನ ಕಡೆ ಬೆರಳು ತೋರಿಸಿ, ಇವಳ ಬಾಯೇನು ಕಡಿಮೆಯೇ, ಇವಳದನ್ನು ತುಂಬಿಸಿ ಎಂದಳು.

ಜಗಲಿಯ ಮೇಲೆ ಮೈಕು ಹಿಡಿದು ಕೂತೆ. ಅದರಲ್ಲಿ ಒಂದೇ ದನಿ ನಿಲ್ಲುವುದು. ಕೆಂಪು ಗುಂಡಿ ಒತ್ತಿದರೆ ಹೊಸದು ಸೇರುತ್ತದೆ, ಹಳೆಯದು ಅಳಿಯುತ್ತದೆ. ನನ್ನ ಹೆಬ್ಬೆರಳು ಗುಂಡಿಯ ಮೇಲೆಯೇ ನಿಂತಿತು. ಆ ಬಂಡೆಯ ಮೇಲೆ ದನಿ ನಿಂತ ಗಳಿಗೆ ನೆನಪಾಯಿತು. ಮೊದಲು ಇದನ್ನು ಫೋನಿಗೆ ಇಳಿಸಿಕೊಳ್ಳೋಣ, ಇರಲಿ, ಮುಂದೆ ಯಾವತ್ತಾದರೂ ಬೇಕಾದೀತು ಎಂದು ಫೋನು ತೆಗೆದೆ. ಜಾಗ ಇಲ್ಲ ಎಂದಿತು ಫೋನು. ನಾನು ಕೊಳ್ಳದ ಗ್ಯಾಜೆಟ್ಟುಗಳ ವಿಡಿಯೋಗಳೆಲ್ಲ ಅದರ ಹೊಟ್ಟೆಯಲ್ಲಿ ತುಂಬಿಕೊಂಡಿದ್ದವು. ಒಂದೊಂದೇ ಅಳಿಸುತ್ತ ಕೂತೆ.

ಒಳಗಿನಿಂದ ಅಜ್ಜಿ ಕೂಗಿದಳು. ಅದೇ ರಾಗ, ಅದೇ ಗಂಟಲು.

"ಲೇ, ಅದೇನ್ ಕಡಿದು ಕಟ್ಟೆ ಹಾಕ್ತಾ ಇದ್ದೀಯೆ ಮೈಕ್ ಹಿಡ್ಕಂಡು? ಕೋತಿ ಬಂದ್ಬುಟ್ಟಾವು, ನಿನ್ ಬಾಯಿಗ್ ಮಣ್ಣಾಕ."

ನಗು ಬಂತು. ಒರಿಜಿನಲ್ಲು ಒಳಗೆ ಮಂಚದ ಮೇಲೆ ಕೂತು ಎಲೆ ಜಗಿಯುತ್ತಿರುವಾಗ ನನಗೆ ಕಾಪಿ ಯಾತಕ್ಕೆ? ಫೋನನ್ನು ಪಕ್ಕಕ್ಕಿಟ್ಟು ಕೆಂಪು ಗುಂಡಿ ಒತ್ತಿದೆ. ನನ್ನ ಬಾಯಿಗೆ ಬಂದದ್ದೆಲ್ಲ ಅಜ್ಜಿಯಿಂದ ಬಂದದ್ದೇ.

ಈಗ ಹೊಲದ ಕಡೆಯಿಂದ ನನ್ನ ದನಿ ಬಂದರೆ ಊರಿನಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಅಜ್ಜಿಯ ದನಿ ಬಂದರೆ ಮಾತ್ರ ಮುಯ್ಯಾಳುಗಳು ಎದ್ದು ನಿಲ್ಲುತ್ತಾರೆ. ಮೊನ್ನೆ ಅಜ್ಜಿ ಬದುವಿನ ಮೇಲೆ ನಿಂತು ಕೂಗಿದ್ದಕ್ಕೆ ಕುರಿಯವನು ಮಂದೆಯನ್ನು ಅಲ್ಲೇ ಬಿಟ್ಟು, ಹೆಗಲಿಗೆ ಹಾರೆ ಹಾಕಿಕೊಂಡು ಓಡಿ ಬಂದನಂತೆ. ಸುಣ್ಣ ಮುಗಿದಿದೆ, ಅಂಗಡಿಯಿಂದ ತಂದುಕೊಡು ಎಂದಳಂತೆ. ಅವನು ಹಾರೆ ಅಲ್ಲೇ ಇಟ್ಟು, ಹೋಗಿ ತಂದುಕೊಟ್ಟನಂತೆ.